ಮೂವತ್ತೆರಡನೆಯ ಚೆಂಡು

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ನಿಮಗೆ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಹಡಗಿನ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ಕೆಲಸ, ಆಗಾಗ ಸ್ವಲ್ಪ ಕೂತುಕೊಳ್ಳಿ. ಅತ್ತೆ ಚೆನ್ನಾಗಿದ್ದಾರೆ, ಮಗಳ ಕೆಮ್ಮು ಹೋಯಿತು. ನಾನು ಮಾತ್ರ ನಿನ್ನೆಯಿಂದ ಗರಬಡಿದವಳ ಹಾಗಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಕ್ಲಬ್ಬಿನ ಪೂಲ್ ಟೇಬಲ್ಲಿಗೆ ಹೊದಿಕೆ ಹೊಲಿಯಲು ಕರೆದಿದ್ದರೆಂದು ಬರೆದಿದ್ದೆನಲ್ಲ? ಹೊಲಿದು ಮುಗಿಸಿದ ಮೇಲೂ ದಿನಾ ಮಧ್ಯಾಹ್ನ ಅಲ್ಲಿಗೆ ಹೋಗುತ್ತಿದ್ದೆ. ಅದನ್ನು ಬರೆಯಲಿಲ್ಲ. ಅಂಕ ಬರೆಯುವ ತಾತ ನಿಮ್ಮ ಕೋಲನ್ನೇ ಕೈಗೆ ಕೊಟ್ಟು, "ಸುಮ್ನೆ ಆಡಮ್ಮ, ನೋಡೋಕೆ ಯಾರಿದ್ದಾರೆ?" ಅಂದರು. ನಿಮ್ಮ ಸ್ಟ್ರೈಟ್ ಪೂಲ್ ನಿಯಮ ನನಗೆ ಬಾಯಿಪಾಠವೇ ಇತ್ತು: ಚೆಂಡು, ಪಾಕೆಟ್ ಎರಡನ್ನೂ ಮೊದಲೇ ಹೇಳಿ ಹೊಡೆಯಬೇಕು, ಹದಿನಾಲ್ಕು ಬಿದ್ದ ಮೇಲೆ ಅವನ್ನು ಮತ್ತೆ ತ್ರಿಕೋನವಾಗಿ ಜೋಡಿಸುತ್ತಾರೆ, ಉಳಿದ ಹದಿನೈದನೆಯದನ್ನು ಬೀಳಿಸುವ ಏಟಿನಲ್ಲೇ ಬಿಳಿ ಚೆಂಡು ಹೋಗಿ ಆ ಗುಂಪನ್ನು ಒಡೆಯಬೇಕು. ಹತ್ತು ವರ್ಷ ಊಟಕ್ಕೆ ಕೂತಾಗಲೆಲ್ಲ ಇದನ್ನೇ ಕೇಳಿದ್ದೇನಲ್ಲ!

ತಾತ ನನಗೆ ಮೂರೇ ಚೆಂಡು ಕೊಟ್ಟರು. ಅವು ಬಿದ್ದರೆ ಸಾಲದು, ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆಂದು ಬಾಯಿಬಿಟ್ಟು ಹೇಳಬೇಕು. ಗೇಣು ಆಚೆ ನಿಂತರೂ ಮತ್ತೆ ಮೊದಲಿನಿಂದ. ಒಂದು ತಿಂಗಳು ಮೂರು, ಆಮೇಲೆ ಐದು. ಬೇಜಾರಾಗಿ ಅಳು ಬಂದ ದಿನಗಳುಂಟು. ಆಗ ನಿಮ್ಮ ಆಟ ನೆನಪಾಗುತ್ತಿತ್ತು. ನೀವು ಕಷ್ಟದ ಚೆಂಡನ್ನು ಧಡ್ ಅಂತ ಬೀಳಿಸಿ, ಯಾರಾದರೂ ನೋಡಿದರೇ ಎಂದು ಬಾಗಿಲ ಕಡೆ ತಿರುಗುತ್ತೀರಿ. ಅಷ್ಟರಲ್ಲಿ ಬಿಳಿ ಚೆಂಡು ಯಾವುದೋ ಮೂಲೆ ಸೇರಿರುತ್ತದೆ. ಕೋಪ ಮಾಡಿಕೊಳ್ಳಬೇಡಿ, ಕಂಡದ್ದನ್ನು ಹೇಳಿದೆ. ನಾನು ಕೊನೆಗೆ ಯಾವುದನ್ನು ಉಳಿಸಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ಮಿಕ್ಕವನ್ನು ಮೆಲ್ಲಗೆ, ಸುಲಭದ ದಾರಿಯಲ್ಲೇ ಬೀಳಿಸುತ್ತೇನೆ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಗುರುತು ಹಾಕುವುದಿಲ್ಲವೇ, ಹಾಗೆ.

ನಿನ್ನೆ ಒಂದೂ ತಪ್ಪದೆ ಸಾಲಾಗಿ ಹದಿನಾಲ್ಕಾಯಿತು, ಗುಂಪು ಒಡೆಯಿತು. ಇಪ್ಪತ್ತೆಂಟಾಯಿತು, ಮತ್ತೆ ಒಡೆಯಿತು. ತಾತ ಕುರ್ಚಿಯಿಂದ ಎದ್ದು ನಿಂತರು. ಮೂವತ್ತೊಂದು ಬಿದ್ದಾಗ ಕೋಲು ಕೆಳಗಿಳಿಸಿ ಗೋಡೆಯ ಕಡೆ ನೋಡಿದೆ. ಅಲ್ಲಿನ ದಾಖಲೆಯ ಹಲಗೆಯ ಮೇಲೆ ಹತ್ತು ವರ್ಷದಿಂದ ನಿಮ್ಮ ಹೆಸರಿನ ಮುಂದೆ ಇರುವುದು ಅದೇ ಸಂಖ್ಯೆ. ಈ ಸಲ ಬಂದಾಗ ಕ್ಲಬ್ಬಿನ ತಂಡಕ್ಕೆ ಸೇರಬೇಕೆಂದು ನೀವೆಷ್ಟು ಆಸೆ ಇಟ್ಟುಕೊಂಡಿದ್ದೀರಿ ಎಂಬುದೂ ಗೊತ್ತು. ಬೇಕೆಂದೇ ತಪ್ಪಿಸಿಬಿಡಲೇ ಅಂದುಕೊಂಡೆ, ನಿಜವಾಗಿ. ಮುಂದಿನ ಚೆಂಡು ಪಾಕೆಟ್ಟಿನ ಬಾಯಲ್ಲೇ ಇತ್ತು. ಕೈ ನನ್ನ ಮಾತು ಕೇಳಲಿಲ್ಲ, ಅದನ್ನೂ ಬೀಳಿಸಿಯೇಬಿಟ್ಟಿತು. ಆಟ ನಲವತ್ತಮೂರಕ್ಕೆ ನಿಂತಿತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಇದು ನಾನೇ ಮಾಡಿದ್ದೇ ಎಂದು ಇನ್ನೂ ನಂಬಿಕೆ ಬಂದಿಲ್ಲ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಮಗಳದು ಒಂದು ಮುತ್ತು.

ನಿಮ್ಮವಳೇ,
ದರ್ಜಿಯಮ್ಮ

ತಾ.ಕ.: ತಂಡದಲ್ಲಿ ಇರುವುದು ಒಂದೇ ಜಾಗ. ಕ್ಲಬ್ಬಿನ ಕಾರ್ಯದರ್ಶಿಗಳು ಇವತ್ತು ಬೆಳಿಗ್ಗೆ ಮನೆಗೇ ಬಂದು, ಅದಕ್ಕೆಂದು ಬರೆದಿಟ್ಟಿದ್ದ ನಿಮ್ಮ ಹೆಸರು ಹೊಡೆದು ನನ್ನದು ಬರೆಯಲೇ ಎಂದು ಕೇಳಿದರು. ನೀವು ಬರುವವರೆಗೆ ತಡೆಯಿರಿ ಎನ್ನಲೆಂದೇ ಬಾಯಿ ತೆರೆದೆ. ಹೂಂ ಅಂದುಬಿಟ್ಟೆ.