ಅಣಕಿಸುವ ಗುಂಡಿ

ಮನೆಯಿಂದ,
ಮೇ ೧೪, ಗುರುವಾರ ಮಧ್ಯಾಹ್ನ

ನಮ್ಮ ಮನೆಯ ಇವರಿಗೆ,

ಹೇಗಿದ್ದೀರಿ? ಹೊಟ್ಟೆ ತುಂಬ ತಿನ್ನಲು ಬಿಡುತ್ತಿದ್ದಾರೋ, ಇಲ್ಲ ತೂಕ ಇಳಿಯಲಿ ಅಂತ ಬೇಯಿಸಿದ ಸೊಪ್ಪು ಕೊಟ್ಟು ಮಲಗಿಸುತ್ತಿದ್ದಾರೋ? ಎಡಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೀರಾ? ಶಿಬಿರದಲ್ಲಿ ನಿಮಗಿಂತ ಅರ್ಧ ವಯಸ್ಸಿನವರು ನೋಡುತ್ತಾರೆ ಅಂತ ನಾಚಿಕೊಂಡು ಅದನ್ನು ಬಿಟ್ಟಿರುತ್ತೀರಿ, ನನಗೆ ಗೊತ್ತು. ನಿಮ್ಮ ಫೋನನ್ನು ಕೋಚ್ ಕಿತ್ತಿಟ್ಟುಕೊಂಡಿದ್ದಾರೆ, ಅದಕ್ಕೇ ಈ ಕಾಗದ. ಮದುವೆಗೆ ಮುಂಚೆ ಬರೆದದ್ದು ಬಿಟ್ಟರೆ ನಾನು ನಿಮಗೆ ಕಾಗದ ಬರೆದವಳಲ್ಲ. ಆಗ ಬರೆದದ್ದನ್ನು ನೆನೆಸಿಕೊಂಡರೆ ಈಗ ಮೈ ಜುಮ್ಮೆನ್ನುತ್ತದೆ, ಅದೂ ಒಳ್ಳೆಯ ಅರ್ಥದಲ್ಲಿ ಅಲ್ಲ. ಇದರಲ್ಲಿ ಅಂಥದ್ದೇನೂ ಇಲ್ಲ, ಆಸೆ ಇಟ್ಟುಕೊಂಡು ಓದಬೇಡಿ.

ನಾವಿಬ್ಬರೂ ಚೆನ್ನಾಗಿದ್ದೇವೆ. ಶಾಲೆ ಶುರುವಾಗುವ ಕಾಲ ಹತ್ತಿರ ಬಂತಲ್ಲ, ಟೈಲರಿಂಗ್ ಅಂಗಡಿಯಲ್ಲಿ ಬರೀ ಬಿಳಿ ಅಂಗಿ, ನೀಲಿ ಚಡ್ಡಿ. ಕಾಲರ್ ಹೊಲಿದು ಹೊಲಿದು ಕಣ್ಣಿನ ಮುಂದೆ ಕಾಲರ್‌ಗಳೇ ಕುಣಿಯುತ್ತವೆ. ಯಜಮಾನರು ಮಾತ್ರ ಎಂದಿನ ಹಾಗೆ ಫ್ಯಾನ್ ಕೆಳಗೆ ಕೂತು ಬೇಗ ಬೇಗ ಅನ್ನುತ್ತಿರುತ್ತಾರೆ. ಮಗಳು ಹಲ್ಲಿನ ಆಸ್ಪತ್ರೆಯ ಮುಂದಿನ ಮೇಜಿನಲ್ಲಿ ಕೂತು ಇಡೀ ದಿನ ಜನರ ನರಳಾಟ ಕೇಳಿ ಬರುತ್ತಾಳೆ. ಮನೆಗೆ ಬಂದರೆ ನನ್ನ ಗೊಣಗಾಟ. ಪಾಪ, ಅವಳಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುತ್ತದೋ ಇಲ್ಲವೋ.

ಇನ್ನು ಸುದ್ದಿಗೆ ಬರುತ್ತೇನೆ. ನೀವಿರುವ ಆ ಬಾಕ್ಸಿಂಗ್ ವಿಡಿಯೋ ಗೇಮ್ ಮನೆಗೆ ಬಂತು. ಕಂಪನಿಯವರು ಒಂದು ಕಳಿಸುತ್ತೇವೆ ಅಂದಿದ್ದರಂತಲ್ಲ, ಅವರು ಕಳಿಸಿದ್ದಲ್ಲ. ಮಗಳೇ ಕೊಂಡು ತಂದಳು. ಡಬ್ಬಿಯ ಮೇಲೆ ನಿಮ್ಮ ಮುಖ ಇರುತ್ತದೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿರಲ್ಲ, ಇಲ್ಲ. ಡಬ್ಬಿಯ ಮೇಲಿರುವುದು ಆ ಚಾಂಪಿಯನ್ ಹುಡುಗ. ಗೇಮಿನ ಪ್ರಚಾರಕ್ಕೆ ಇಟ್ಟಿರುವ ಪಂದ್ಯದಲ್ಲಿ ನೀವು ಯಾರ ಎದುರು ಇಳಿಯಬೇಕೋ ಅವನೇ. ನೀವು ಒಳಗಿದ್ದೀರಿ. ಹಳಬರ ಸಾಲು ಅಂತ ಒಂದಿದೆ, ಅದರಲ್ಲಿ ಕೆಳಗೆ ಕೆಳಗೆ ಹೋದರೆ ಕೈ ಕಟ್ಟಿಕೊಂಡು ನಿಂತಿರುತ್ತೀರಿ, ಹೆಸರಿನ ಜಾಗದಲ್ಲಿ ‘ಗೋಡೆ’ ಅಂತ ಬರೆದಿದೆ. ಎಷ್ಟು ಹೊಡೆದರೂ ಬೀಳುವುದಿಲ್ಲ ಅಂತ ಜನ ಕೊಟ್ಟ ಹೆಸರು. ಅವರಿಗೇನು, ಗೋಡೆಯ ಬಟ್ಟೆ ಒಗೆಯುವವಳು ನಾನು.

ಮೊದಲು ಅದನ್ನು ಆಡಿಸುವ ಬಗೆ ಹೇಳುತ್ತೇನೆ. ಎರಡು ಕೈಯಲ್ಲಿ ಹಿಡಿಯುವ ಒಂದು ರಿಮೋಟ್. ಎಡ ಹೆಬ್ಬೆರಳಿನ ಕೆಳಗಿರುವ ಕಡ್ಡಿ ಅಲ್ಲಾಡಿಸಿದರೆ ನೀವು ನಡೆಯುತ್ತೀರಿ. ಬಲಗಡೆಯ ನಾಲ್ಕು ಗುಂಡಿ ನಿಮ್ಮ ನಾಲ್ಕು ಹೊಡೆತ. ತೋರುಬೆರಳಿನ ಹತ್ತಿರದ್ದನ್ನು ಒತ್ತಿ ಹಿಡಿದರೆ ಎರಡು ಕೈಯೂ ಮುಖದ ಮುಂದೆ ಬಂದು ಅಡ್ಡ ನಿಲ್ಲುತ್ತವೆ. ಕೋಚ್ ನನ್ನನ್ನು ಮೂಲೆಯಿಂದ ಆಚೆ ಕಳಿಸುವ ತನಕ ನಾನು ಬಕೆಟ್ ಹಿಡಿದು ರಿಂಗಿನ ಕೆಳಗೆ ನಿಂತು ‘ಕೈ ಮೇಲೆ, ಕೈ ಮೇಲೆ’ ಅಂತ ಗಂಟಲು ಹರಿದುಕೊಳ್ಳಲಿಲ್ಲವೇ? ಆಗೆಲ್ಲ ಮೇಲೆ ಬರದ ಕೈ ಇಲ್ಲಿ ಒಂದು ಬೆರಳಿಗೆ ಏಳುತ್ತದೆ. ಇಷ್ಟು ವರ್ಷದ ಸಂಸಾರದಲ್ಲಿ ನೀವು ನನ್ನ ಮಾತು ಕೇಳಿದ್ದು ಇದೇ ಮೊದಲು.

ಹೊಲಿಗೆ ಮಿಷನ್ ತುಳಿದ ಕಾಲಿಗೆ ಇದರಲ್ಲಿ ಕೆಲಸವೇ ಇಲ್ಲ. ನನಗದು ವಿಚಿತ್ರ ಅನ್ನಿಸಿತು, ಬಾಕ್ಸಿಂಗ್ ಕೈಯಿಂದಲ್ಲ ಕಾಲಿನಿಂದ ಅಂತ ನೀವೇ ಭಾಷಣ ಬಿಗಿಯುತ್ತಿದ್ದಿರಿ. ಮೊದಲ ದಿನ ಗುಂಡಿಗಳನ್ನೆಲ್ಲ ಒಟ್ಟಿಗೆ ಒತ್ತಿ ನಿಮ್ಮನ್ನು ಹಗ್ಗ ಬಿಚ್ಚಿದ ಕರುವಿನ ಹಾಗೆ ರಿಂಗ್ ತುಂಬ ಓಡಿಸಿಬಿಟ್ಟೆ. ತೆರೆಯ ಮೂಲೆಯಲ್ಲಿ ಒಂದು ಹಸಿರು ಪಟ್ಟಿ ಇರುತ್ತದೆ, ಅದು ನಿಮ್ಮ ದಮ್ಮು. ಹೊಡೆದಷ್ಟೂ ಅದು ಸವೆಯುತ್ತದೆ, ಸುಮ್ಮನಿದ್ದರೆ ತಾನಾಗಿ ತುಂಬಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ಸುಳ್ಳು ಇಲ್ಲ. ಇನ್ನೊಂದು ವಿಷಯ. ಗುಂಡಿ ಒತ್ತಿದ ಮೇಲೆ ನಿಮ್ಮ ಕೈ ಹೊರಡಲು ಒಂದು ಕ್ಷಣ ತಡ ಆಗುತ್ತದೆ. ಆ ಚಾಂಪಿಯನ್ ಹುಡುಗನದು ಒತ್ತುವುದೇ ತಡ, ಹೋಗಿ ಬಂದಿರುತ್ತದೆ. ಮಗಳು ಅದನ್ನು ಗೇಮಿನ ದೋಷ ಅಂದಳು. ದೋಷ ಅಲ್ಲ ಕಣೇ, ಅದೊಂದನ್ನೇ ಅವರು ಸರಿಯಾಗಿ ಮಾಡಿರುವುದು ಅಂದೆ. ಅವಳಿಗೆ ಸಿಟ್ಟು ಬಂತು. ಬರಲಿ, ನಿಜ ಹೇಳಿದರೆ ಈ ಮನೆಯಲ್ಲಿ ಯಾರಿಗೆ ಸಿಟ್ಟು ಬರುವುದಿಲ್ಲ?

ನೋಡಲು ಮಾತ್ರ ಅಚ್ಚು ನೀವೇ. ಮುರಿದ ಮೂಗು ಹಾಗೇ ಬಲಕ್ಕೆ ವಾಲಿದೆ. ಬೆವರು ಗದ್ದದ ತುದಿಯಲ್ಲಿ ನಿಂತು ತೊಟ್ಟಿಕ್ಕುತ್ತದೆ. ನಾನು ಆತುರದಲ್ಲಿ ಹೊಲಿದುಕೊಟ್ಟ ಆ ಕೆಂಪು ಚಡ್ಡಿಯನ್ನೂ ಬಿಟ್ಟಿಲ್ಲ ಕಣ್ರೀ, ಎಡಗಡೆಯ ಅಂಚು ಸೊಟ್ಟಗಿತ್ತಲ್ಲ, ಅದೂ ಸೊಟ್ಟಗೇ ಇದೆ. ಲೋಕಕ್ಕೆಲ್ಲ ಕಾಣುತ್ತದೆ ಅಂತ ಗೊತ್ತಿದ್ದರೆ ಬಿಚ್ಚಿ ಇನ್ನೊಂದು ಸಲ ಹೊಲಿಯುತ್ತಿದ್ದೆ. ಆದರೆ ಸುತ್ತು ಮುಗಿದು ನೀವು ಮೂಲೆಗೆ ಬಂದು ಕೂತಾಗ ಏನಾಗುತ್ತದೆ ಕೇಳಿ. ತೆರೆಯ ಮೇಲೆ ನಿಮ್ಮ ಮುಖ ದೊಡ್ಡದಾಗಿ ಬರುತ್ತದೆ. ಹುಬ್ಬು ಒಡೆದಿದ್ದರೆ ಒಂದು ಗುಂಡಿ, ರಕ್ತ ನಿಂತಿತು. ಕಣ್ಣು ಊದಿದ್ದರೆ ಇನ್ನೊಂದು ಗುಂಡಿ, ಊತ ಇಳಿಯಿತು. ನಾನು ಹೆಬ್ಬೆರಳಲ್ಲಿ ಹುಬ್ಬು ಒತ್ತಿ ಹಿಡಿದು, ರಕ್ತ ನನ್ನ ಮೊಣಕೈ ತನಕ ಇಳಿದು, ನೀವು ನೋವಿಗೆ ನನ್ನ ಸೆರಗು ಹರಿದದ್ದಕ್ಕೆ ಅಲ್ಲಿ ಗುಂಡಿ ಇಲ್ಲ. ಆಮೇಲೆ ಮಾರನೆಯ ದಿನ ಅಂತ ಒಂದು ಇರುತ್ತದಲ್ಲ, ಅದೇ ಇವರ ಗೇಮಿನಲ್ಲಿ ಇಲ್ಲ. ಮೂತ್ರದಲ್ಲಿ ಕೆಂಪು ಕಂಡು ಬಚ್ಚಲಿನಲ್ಲಿ ಸದ್ದಿಲ್ಲದೆ ನಿಂತದ್ದು, ಬೆಳಕು ಬೇಡ ಅಂತ ಮುಖದ ಮೇಲೆ ಟವೆಲ್ ಹಾಕಿಕೊಂಡು ಬಿದ್ದುಕೊಂಡದ್ದು ಯಾವುದೂ ಇಲ್ಲ. ಸೋತರೆ ಮತ್ತೆ ಆಡುತ್ತೀರಾ ಅಂತ ಕೇಳುತ್ತದೆ. ಹೂಂ ಅಂದರೆ ಸಾಕು, ಆಗತಾನೇ ಸ್ನಾನ ಮಾಡಿ ಬಂದವರ ಹಾಗೆ ಬಂದು ನಿಲ್ಲುತ್ತೀರಿ. ನಿಜ ಇದ್ದ ಹಾಗೇ ಮಾಡಿದ್ದಾರೆ ಅಂತ ಎಲ್ಲರೂ ಹೊಗಳುತ್ತಿದ್ದಾರಂತೆ. ಹೊಗಳುವವರಲ್ಲಿ ಒಬ್ಬರಾದರೂ ಒಂದು ಏಟು ತಿಂದಿದ್ದಾರಾ ಕೇಳಬೇಕು.

ಕೆಳಗಿನ ಮನೆಯ ಬಸ್ ಡ್ರೈವರ್ ಗೊತ್ತಲ್ಲ, ರಜಾ ದಿನ ಬಂದು ಸೋಫಾದಲ್ಲಿ ನಿಮ್ಮ ಜಾಗದಲ್ಲೇ ಕೂತರು. ಅವರು ಚಾಂಪಿಯನ್ ಆದರು, ಮಗಳು ನೀವಾದಳು. ಎರಡನೇ ಸುತ್ತಿಗೆ ನಿಮ್ಮನ್ನು ಚಪಾತಿ ಹಿಟ್ಟು ನಾದಿದ ಹಾಗೆ ನಾದಿಬಿಟ್ಟರು. ನಾನು ಮಿಷನ್ ಮುಂದೆ ಕೂತು ಗುಂಡಿಕಾಜ ಹಾಕುತ್ತಾ ಕೇಳಿಸಿಕೊಳ್ಳುತ್ತಿದ್ದೆ, ತಲೆ ಎತ್ತಿರಲಿಲ್ಲ. ಆಮೇಲೆ ಡ್ರೈವರ್ ತಾನೇ ಗೋಡೆ ಆಗುತ್ತೇನೆ ಅಂದರು. ‘ಮಜಾ ನೋಡಮ್ಮ, ನಿಮ್ಮಪ್ಪನ ಹತ್ರ ಇನ್ನೊಂದು ಗುಂಡಿ ಇದೆ, ಬೇರೆ ಯಾರ ಹತ್ರಾನೂ ಇಲ್ಲ’ ಅಂತ ಏನೋ ಒತ್ತಿದರು. ಜನ ಸಿಳ್ಳೆ ಹೊಡೆದ ಸದ್ದು ಟಿವಿಯಲ್ಲಿ ಕೇಳಿ ನಾನು ತಲೆ ಎತ್ತಿದೆ.

ನೀವು ಎರಡು ಕೈಯನ್ನೂ ಕೆಳಗೆ ಬಿಟ್ಟಿರಿ. ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, ದೂರದಲ್ಲಿ ಯಾರೋ ಕರೆದ ಹಾಗೆ ಕಿವಿಗೊಟ್ಟು, ನಕ್ಕಿರಿ. ನನ್ನ ಕೈಯ ಸೂಜಿ ಬೆರಳಿಗೆ ಹೊಕ್ಕಿತು. ಅದೇನು ಅಂತ ಮಗಳನ್ನು ಕೇಳಿದೆ. ‘ಅಣಕಿಸೋ ಗುಂಡಿ ಅಮ್ಮಾ, ಎದುರಿನವನನ್ನ ಕೆಣಕೋಕೆ. ಅಪ್ಪನ ಸ್ಟೈಲ್ ಅಂತೆ’ ಅಂದಳು. ಡ್ರೈವರ್ ಅದನ್ನು ಮತ್ತೆ ಮತ್ತೆ ಒತ್ತಿದರು, ಒತ್ತಿದಾಗಲೆಲ್ಲ ನೀವು ನಕ್ಕಿರಿ, ಜನ ಸಿಳ್ಳೆ ಹೊಡೆದರು. ನಾನು ಎದ್ದು ಹೋಗಿ ಟಿವಿ ಆರಿಸಿದೆ. ಅವರಿಗೆ ಬೇಜಾರಾಯಿತು, ಹೋದರು. ಆಗಲಿ, ನನಗೆ ಮರ್ಯಾದೆ ಮಾತಾಡುವಷ್ಟು ಪುರಸೊತ್ತು ಇರಲಿಲ್ಲ.

ಆ ನಗು ನನಗೆ ಗೊತ್ತು. ಮಗಳು ಹೊಟ್ಟೆಯಲ್ಲಿದ್ದಾಗ ನಡೆದ ಆ ಪಂದ್ಯ. ಎಡಗಣತಲೆಗೆ ಏಟು ಬಿತ್ತು. ನೀವು ಬೀಳಲಿಲ್ಲ, ಹೀಗೇ ಕೈ ಬಿಟ್ಟು, ಹೀಗೇ ತಲೆ ವಾಲಿಸಿ, ಹೀಗೇ ನಕ್ಕಿರಿ. ಜನಕ್ಕೆ ಹುಚ್ಚೇ ಹಿಡಿಯಿತು, ಎದುರಿನವನು ಹೆದರಿ ಎರಡು ಹೆಜ್ಜೆ ಹಿಂದೆ ಹೋದ. ಗೋಡೆ ಅನ್ನುವ ಹೆಸರು ಬಂದದ್ದೇ ಅಂದು. ಮೂಲೆಗೆ ಬಂದಾಗ ನಾನು ಮುಖ ಹಿಡಿದು ನೋಡಿದೆ, ಕಣ್ಣು ನನ್ನ ಮೇಲಿತ್ತು, ನೀವು ಅದರಲ್ಲಿ ಇರಲಿಲ್ಲ. ಪಂದ್ಯ ಶುರುವಾಯಿತಾ ಅಂತ ಕೇಳಿದಿರಿ. ಅದು ಕೆಣಕುವ ನಗು ಅಲ್ಲ ಕಣ್ರೀ. ತಲೆಯೊಳಗೆ ದೀಪ ಆರಿದಾಗ ನಿಮ್ಮ ಮುಖ ತಾನಾಗಿ ಮಾಡುವ ಕೆಲಸ ಅದು. ಅದನ್ನು ಹತ್ತಿರದಿಂದ ನೋಡಿದವಳು ನಾನೊಬ್ಬಳೇ.

ಈಗ ಹೇಳಿ, ಕಂಪನಿಯವರಿಗೆ ಅದು ಎಲ್ಲಿ ಸಿಕ್ಕಿತು? ನಿಮ್ಮ ಚಲನೆ ಹಿಡಿದುಕೊಳ್ಳಲು ಕರೆಸಿದ್ದರಲ್ಲ, ಅಂದು ನೀವು ಹಿಗ್ಗಿ ಹೀರೇಕಾಯಿ ಆಗಿ ಬಂದಿರಿ. ಮೈಗೆ ಅಂಟುವ ಕರಿ ಬಟ್ಟೆ ಹಾಕಿಸಿ, ಅದರ ಮೇಲೆ ಬಿಳಿ ಗೋಲಿ ಅಂಟಿಸಿ, ಖಾಲಿ ಹಾಲ್‌ನಲ್ಲಿ ಒಬ್ಬರನ್ನೇ ಬಿಟ್ಟು ಗಾಳಿಗೆ ಹೊಡೆಸಿದರು ಅಂದಿರಿ. ‘ದಿನವಿಡೀ ಬಾಕ್ಸಿಂಗ್ ಕಣೇ, ಒಬ್ಬನೂ ಮುಟ್ಟಲಿಲ್ಲ’ ಅಂತ ನಕ್ಕಿರಿ. ಮಧ್ಯದಲ್ಲಿ ಏನೋ ಮಾಡಿದೆನಂತೆ, ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು, ಏನು ಮಾಡಿದೆ ಅಂತ ನನಗೇ ಗೊತ್ತಿಲ್ಲ ಅಂದಿರಿ. ನಾವೂ ನಕ್ಕೆವು. ಆ ಹಾಲ್‌ನಲ್ಲಿ ನಿಮಗೆ ಯಾರೂ ಹೊಡೆದಿರಲಿಲ್ಲ. ಯಾರೂ ಹೊಡೆಯದೇ ದೀಪ ಆರಿತು, ಅವರು ಅದನ್ನು ಹಿಡಿದು ಗುಂಡಿ ಮಾಡಿಬಿಟ್ಟರು.

ಹೊರಡುವಾಗ ನೀವು ಇದು ಬರೀ ತೋರಿಕೆಯ ಪಂದ್ಯ, ಇದೊಂದೇ ಸಲ ಅಂದಿರಿ. ಆ ಹುಡುಗ ಒಳ್ಳೆಯವನು, ನೋಡಿಕೊಂಡು ಹೊಡೆಯುತ್ತಾನೆ ಅಂದಿರಿ. ಇರಬಹುದು. ಆದರೆ ಅವನೂ ಈ ಗೇಮ್ ಆಡಿರುತ್ತಾನೆ. ರೆಫರಿ ಆಡಿರುತ್ತಾನೆ, ಟಿಕೆಟ್ ತಗೊಂಡು ಬಂದವರೆಲ್ಲ ಆಡಿರುತ್ತಾರೆ. ರಿಂಗಿನಲ್ಲಿ ನಿಮಗೆ ಹಾಗಾಗಿ ನೀವು ಕೈ ಬಿಟ್ಟು ನಕ್ಕರೆ ಪಂದ್ಯ ನಿಲ್ಲಿಸಿ ಅಂತ ಒಬ್ಬನೂ ಅನ್ನುವುದಿಲ್ಲ. ಗೋಡೆ ಅಣಕಿಸುತ್ತಿದ್ದಾನೆ ಅಂತ ಸಿಳ್ಳೆ ಹೊಡೆಯುತ್ತಾರೆ. ಆ ಹುಡುಗ ಕೆಣಕಿದರು ಅಂತ ಇನ್ನೂ ಜೋರಾಗಿ ಬರುತ್ತಾನೆ, ಅವನದೇನು ತಪ್ಪು? ನಿಮ್ಮನ್ನು ಸಾಯಿಸುವ ಏಟಿಗೆ ಜನ ಚಪ್ಪಾಳೆ ತಟ್ಟುವ ಹಾಗೆ ವ್ಯವಸ್ಥೆ ಮಾಡಿ ಇಟ್ಟಿದ್ದಾರೆ, ನೀವು ಅದಕ್ಕೆ ಖುಷಿಯಾಗಿ ಹಗ್ಗ ನೆಗೆಯುತ್ತಾ ಕೂತಿದ್ದೀರಿ. ನನಗೆ ಬರುವ ಕೋಪಕ್ಕೆ ಈ ಪೆನ್ನು ಕಾಗದ ಹರಿಯುತ್ತಿದೆ, ನೋಡಿಕೊಂಡು ಓದಿ.

ಇನ್ನೇನು ಬರೆಯಲಿ? ಅಂಗಡಿಯಿಂದ ತಂದ ಬಟ್ಟೆ ರಾಶಿ ಬಿದ್ದಿದೆ. ಅಪ್ಪನನ್ನು ಕೇಳಿದೆ ಅಂತ ಬರಿ ಅಂದಳು ಮಗಳು, ಬರೆದಿದ್ದೇನೆ. ಕೋಚ್‌ಗೆ ನಮಸ್ಕಾರ ಹೇಳಿ, ಹೇಳದಿದ್ದರೂ ನಡೆಯುತ್ತದೆ. ಮಂಡಿಯ ಕಡೆ ಗಮನ ಇರಲಿ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇತಿ ನಿಮ್ಮ,
ಇವಳು

ತಾ.ಕ.: ಅಂಚೆ ಹೋಗುವ ಹೊತ್ತಾಯಿತು, ಮುಖ್ಯವಾದದ್ದನ್ನೇ ಬರೆದಿಲ್ಲ. ನಿನ್ನೆ ಮಗಳನ್ನು ಕರೆದುಕೊಂಡು ನಿಮ್ಮ ಪಂದ್ಯದ ಡಾಕ್ಟರ ಹತ್ತಿರ ಹೋಗಿದ್ದೆ. ಆ ಹಳೆಯ ಪಂದ್ಯ, ಈ ಗೇಮು ಎರಡನ್ನೂ ಫೋನಿನಲ್ಲಿ ತೋರಿಸಿದೆ. ಸೋಮವಾರ ತಪಾಸಣೆಗೆ ಬಂದಾಗ ತಲೆ ಸ್ಕ್ಯಾನ್ ಮಾಡಿಸದೆ ಪಂದ್ಯದ ಅನುಮತಿಗೆ ಸಹಿ ಹಾಕುವುದಿಲ್ಲ, ನನ್ನನ್ನು ಕೇಳಿದರೆ ಇವರು ಇನ್ನು ರಿಂಗ್ ಹತ್ತಬಾರದು ಅಂದರು. ಯಾರು ಚಾಡಿ ಹೇಳಿದರು ಅಂತ ಕೋಚ್ ಮೇಲೆ ಹಾರಾಡಬೇಡಿ, ಹೇಳಿದವಳು ನಾನೇ. ಡಾಕ್ಟರಿಗೆ ಇನ್ನೊಂದನ್ನೂ ಹೇಳಿದೆ. ನೀವು ಹೊರಡುವ ಹಿಂದಿನ ದಿನ ಊಟಕ್ಕೆ ಕೂತಾಗ ನನ್ನನ್ನು ನೋಡಿ ‘ಸ್ವಲ್ಪ ಉಪ್ಪು ಕೊಡ್ತೀರಾ?’ ಅಂದಿರಿ. ಮದುವೆಯಾದ ದಿನದಿಂದ ಉಪ್ಪು ಕೊಡೇ, ನೀರು ಕೊಡೇ ಅಂದವರು. ತಮಾಷೆ ಅಂದುಕೊಂಡು ನಾನು ‘ತಗೊಳ್ಳಿ ಮಹಾಸ್ವಾಮಿ’ ಅಂತ ಬಗ್ಗಿ ಕೊಟ್ಟೆ, ಮಗಳು ಬಿದ್ದು ಬಿದ್ದು ನಕ್ಕಳು. ನೀವು ನಗಲಿಲ್ಲ. ಪರಸ್ಥಳದಲ್ಲಿ ಗುರುತಿಲ್ಲದ ಹೆಂಗಸಿಗೆ ಹೇಳುವ ಹಾಗೆ ‘ತೊಂದರೆ ಕೊಟ್ಟೆ ಅಮ್ಮಾ’ ಅಂದು ಉಪ್ಪು ಹಾಕಿಕೊಂಡಿರಿ. ಆಗ ನನಗೆ ತಿಳಿಯಲಿಲ್ಲ. ನಿಮ್ಮ ಪಂದ್ಯ ಹಾಳು ಮಾಡಿದೆ ಅಂತ ನಿಮಗೆ ಎಷ್ಟು ಬೇಕಾದರೂ ಕೋಪ ಬರಲಿ. ಮನೆಗೆ ಬಂದು ಬಾಯಿಗೆ ಬಂದ ಹಾಗೆ ಬೈಯಿರಿ. ಏಕವಚನದಲ್ಲಿ ಬೈಯಿರಿ, ಅಷ್ಟು ಸಾಕು ನನಗೆ.