ರೇವವ್ವನ ಬಾವಿಯ ನೀರು

ಪ್ರೀತಿಯ ಚಿಕ್ಕಪ್ಪ,

"ಕಂಪನಿಗೆ ಮಾರ್ಕ್ಸ್ ಕೊಡೋದೂ ಒಂದು ಕೆಲಸಾನಾ?" ಎಂದು ನಕ್ಕಿರಲ್ಲ, ಕೇಳಿ. ಇಂಡಿ ಹತ್ತಿರದ ಈ ಸಕ್ಕರೆ ಕಾರ್ಖಾನೆ ನೆಲ, ನೀರು, ನೆರೆಯವರನ್ನು ಹೇಗೆ ನೋಡಿಕೊಳ್ಳುತ್ತದೆಂದು ಅಳೆಯಲು ಬಂದಿದ್ದೇವೆ. ಸುತ್ತಲಿನ ನೀರಿನ ಲ್ಯಾಬ್ ವರದಿ ಚೆನ್ನಾಗಿತ್ತು. ನಮ್ಮ ತಂಡದ ಮೇಡಂಗೆ ಅಷ್ಟು ಸಾಲದು. ಕಾರ್ಖಾನೆಯ ಮ್ಯಾನೇಜರನ್ನೇ ಕರೆದುಕೊಂಡು ಪಕ್ಕದ ಹೊಲದ ರೇವವ್ವನ ಮನೆಗೆ ಹೊರಟರು. ಇಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು.

"ಹ್ವಾದ ವರ್ಷ ಕಾರ್ಖಾನಿ ಹೊಲಸು ಸೇರಿ ಈ ಬಾವಿ ನೀರು ದನಾ ಸೈತ ಮೂಸ್ತಿದ್ದಿಲ್ರಿ. ಈಗ ಚಲೋ ಆಗೈತಿ. ಆದ್ರೂ ಮದ್ಲ ಸಾಹೇಬ್ರು ಕುಡೀಲಿ," ಎಂದಳು ರೇವವ್ವ.

ಮ್ಯಾನೇಜರ್ ತಂಬಿಗೆ ಎತ್ತಿ ಗಟಗಟ ಕುಡಿದು, "ಇನ್ನೊಂದ್ ತಂಬಿಗಿ ಕೊಡವ್ವಾ" ಎಂದರು. ಮೇಡಂ ಅಂಕ ಹಾಕಲು ಪೆನ್ನು ತೆಗೆದದ್ದು ಆಗಲೇ!

ಜೀಪು ಕಾಯುತ್ತಿದೆ. ಕುದಿಸಿದ ನೀರನ್ನೇ ಕುಡಿ ಎಂದಿದ್ದ ಅಜ್ಜಿಗೆ ಹೇಳಿ: ನಾನೂ ಕುಡಿದೆ, ಹೊಟ್ಟೆಗೇನೂ ಆಗಿಲ್ಲ.

ನಿಮ್ಮ ಮಾನಸಾ