ಕೇಪು ತೆಗೆದ ಬಂದೂಕು

ಕಕ್ಕೇರಾ
೧೨-೧೦-೧೯೯೯

ಅಯ್ಯಪ್ಪನ ಅಪ್ಪನವರಿಗೆ,

ದೇವಕಿಯ ನಮಸ್ಕಾರ. ತವರಿನಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನನಗೆ ನಿದ್ದೆಯಿಲ್ಲ. ಅಯ್ಯಪ್ಪ ಉಣ್ಣುತ್ತಾನೆ, ಆಡುತ್ತಾನೆ, ಗಾಳಿಗೆ ಬಾಗಿಲು ಧಡ್ ಎಂದರೆ ಎಲ್ಲಿದ್ದರೂ ಓಡಿ ಬಂದು ನನ್ನ ಸೆರಗು ಹಿಡಿಯುತ್ತಾನೆ.

ನಿಮ್ಮ ಪತ್ರ ಮುಟ್ಟಿತು. ಇಲೆಕ್ಷನ್ ಮುಗಿಯಿತು, ಠಾಣೆಗೆ ಒಪ್ಪಿಸಿದ ಬಂದೂಕು ವಾಪಸು ಕೊಡುತ್ತಿದ್ದಾರೆ, ಮಹಾನವಮಿಯ ಆಯುಧ ಪೂಜೆಗೆ ಅದು ಮನೆಯಲ್ಲಿರಬೇಕೆಂದು ಅಪ್ಪ ಹಟ ಹಿಡಿದಿದ್ದಾರೆ, ಅಷ್ಟರೊಳಗೆ ಮಗನನ್ನು ಕರಕೊಂಡು ಬಾ ಎಂದು ಬರೆದಿದ್ದೀರಿ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆ ಬಂದೂಕು ಹೊಸ್ತಿಲು ದಾಟಿ ಒಳಗೆ ಬಂದರೆ ನಾವು ದಾಟುವುದಿಲ್ಲ.

ಇಲೆಕ್ಷನ್ ಬಂದಾಗ ಸರಕಾರ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ತರಿಸಿಕೊಳ್ಳುತ್ತದಲ್ಲ, ಮಾವ ಅದಕ್ಕೆ ಎಣ್ಣೆ ಹಚ್ಚಿ, ಹಳೇ ಧೋತರದಲ್ಲಿ ಸುತ್ತಿ, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಮುಖ ಮಾಡಿಕೊಂಡು ಶಹಾಪುರದ ಬಸ್ಸು ಹತ್ತಿದರು. ನೀವು ನಕ್ಕಿರಿ. ನಾನು ಮಾತ್ರ ಅಂದು ಕಣ್ಣು ತುಂಬ ನಿದ್ದೆ ಮಾಡಿದೆ. ದೀಪಾವಳಿಯಿಂದ ಈಚೆಗೆ ಅದೇ ಮೊದಲು. ಲೀಡರುಗಳಿಗೆ ಅಪಾಯವಾದೀತೆಂದು ಠಾಣೆ ಸೇರುವ ಬಂದೂಕು, ಓಟು ಎಣಿಸಿದ ಮೇಲೆ ನಮ್ಮ ಮಕ್ಕಳ ನಡುವೆ ಬಂದು ತೂಗುಬೀಳುತ್ತದೆ. ಓಟಿನ ಪೆಟ್ಟಿಗೆಗೆ ಇರುವ ಕಾನೂನು ತೊಟ್ಟಿಲಿಗೆ ಯಾಕಿಲ್ಲ ಎಂದು ನಾನು ಕೇಳಿದಾಗ, ಬಿ.ಎ. ಸೊಸಿ ಬಂದಾಳ, ಇನ್ನ ಕೋರ್ಟು ನಮ್ಮ ಪಡಸಾಲ್ಯಾಗ ಕೂಡ್ತದ ಎಂದು ಮಾವ ಅಂದರು. ಕೂಡಲಿ. ಚಾಪೆ ಹಾಸುತ್ತೇನೆ.

ಹಂದಿಯ ಕಾಟ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಕಾಲುವೆಯ ನೀರು ಬಂತು, ಜೋಳದ ಹೊಲ ಭತ್ತದ ಗದ್ದೆಯಾಯಿತು, ಕಾಲುವೆಯ ಜೊಂಡಿನಲ್ಲಿ ಹಂದಿ ಮನೆ ಮಾಡಿದವು. ಬೆಳೆದು ನಿಂತ ಭತ್ತ ಉರುಳಿಸಿ ಹೋದದ್ದನ್ನು ನಾನೂ ಕಂಡಿದ್ದೇನೆ. ಬೆಳೆ ಕಾಯಲು ಬಂದೂಕು ತಂದರು, ಸರಿ. ಆದರೆ ಪಡಸಾಲೆಯಲ್ಲಿ ಕಾಯಲು ಯಾವ ಹಂದಿಯಿತ್ತು?

ನಿಮಗೆ ಗೊತ್ತಿರುವ ಮಾತನ್ನೇ ಬರೆಯುತ್ತೇನೆ, ಯಾಕೆಂದರೆ ಗೊತ್ತಿದ್ದೂ ಯಾರೂ ಬಾಯಿ ಬಿಡುವುದಿಲ್ಲ. ನಾಡಬಂದೂಕಿನ ನಳಿಗೆಯೊಳಗೆ ಒಂದು ಸಲ ಮದ್ದು, ಛರ್ರಾದ ಸೀಸದ ಕಾಳು ಗಿಡಿದರೆ ಹೊಡೆದೇ ಖಾಲಿ ಮಾಡಬೇಕು. ಹಂದಿ ಬರದ ದಿನ ಗಾಳಿಗೆ ಹೊಡೆದು ಮದ್ದು ಹಾಳು ಮಾಡುವುದ್ಯಾಕೆಂದು ಮಾವ ತುಂಬಿದ ಬಂದೂಕನ್ನೇ ತಂದು ಗೂಟಕ್ಕೆ ಹಾಕುತ್ತಾರೆ. ಅವರೊಬ್ಬರೇ ಅಲ್ಲ, ಆ ಊರಿನ ಪದ್ಧತಿಯೇ ಅದು. ಕುದುರೆ ಎನ್ನುವ ಕೊಕ್ಕೆ ಬಡಿದಾಗ ಕಿಡಿ ಹಾರಿಸಿ ಮದ್ದಿಗೆ ಬೆಂಕಿ ಹಚ್ಚುವ ಮೇಲಿನ ಕೇಪು ಒಂದನ್ನು ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡರೆ ಆಯಿತು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಹೆದರಿ ಕೇಳಿದ್ದಕ್ಕೆ, "ಕೇಪ ತಗದೀನವ್ವಾ, ಈಗ ಅದು ಒನಕಿ ಇದ್ದಂಗ" ಎಂದಿದ್ದರು. ನಾನು ನಂಬಿದೆ. ಅದರ ಕೆಳಗೇ ಕೂಸಿಗೆ ಹಾಲು ಕುಡಿಸಿದೆ.

ಕಳೆದ ದೀಪಾವಳಿಯಲ್ಲಿ ಆ ಒನಕೆ ಹಾರಿತು. ಹೋಳಿಗೆ ಲಟ್ಟಿಸುತ್ತಿದ್ದ ನಾನು ಪಟಾಕಿ ಎಂದುಕೊಂಡೆ. ಛರ್ರಾ ಗೋಡೆಗೆ ಬಡಿದು, ಗೋಡೆಯ ಕಲ್ಲಿನ ಚೂರು ನಮ್ಮ ಕೂಲಿಯಾಳು ಮೋನಮ್ಮನ ಮಗಳು ಲಾಲಿಯ ಎಡಗಣ್ಣಿಗೆ ಹೊಕ್ಕಿತ್ತು. ಲಾಲಿ ಅಲ್ಲಿ ಕುಳಿತದ್ದು ಅಯ್ಯಪ್ಪನ ಜೊತೆ ಆಡಲಿಕ್ಕೆ. ಅವಳ ತಾಯಿ ಅದೇ ಹೊತ್ತಿಗೆ ನಮ್ಮ ದನದ ಕೊಟ್ಟಿಗೆ ಬಳಿಯುತ್ತಿದ್ದಳು. ಬಂದೂಕು ನೆಲದ ಮೇಲೆ ಬಿದ್ದಿತ್ತು. ಗೂಟ ಸಡಿಲಾಗಿ ತಾನೇ ಬಿತ್ತು ಅಂದಿರಿ. ಕೇಪು ತೆಗೆದಿದ್ದೆ ಎಂದು ಮಾವ ದೇವರ ಮುಂದೆ ಆಣೆ ಮಾಡಿದರು. ಕೇಪಿಲ್ಲದೆ ಹೇಗೆ ಹಾರಿತು ಎಂದು ಯಾರೂ ಕೇಳಲಿಲ್ಲ. ದವಾಖಾನೆಯಲ್ಲಿ ಪಟಾಕಿ ಎಂದು ಬರೆಸಿದಿರಿ. ನಿಮ್ಮ ಹೊಲದ ಕೂಲಿಯೇ ಅನ್ನವಾಗಿದ್ದ ಮೋನಮ್ಮ, ಹೌದ್ರಿ ಪಟಾಕೀನ ಅಂದಳು. ಲಾಲಿಯ ಕಣ್ಣು ಹೋಯಿತು. ಮನೆಯಲ್ಲಿ ಆ ಮಾತೂ ಹೋಯಿತು. ಗೂಟಕ್ಕೆ ಹೊಸ ಮೊಳೆ ಬಂತು.

ನೀವು ಮಾಸ್ತರರು. ಪೆನ್ಸಿಲ್ ಕೆತ್ತಲು ಬ್ಲೇಡು ತಂದ ಹುಡುಗನ ಚೀಲ ಝಾಡಿಸುತ್ತೀರಿ, ಅವನಪ್ಪನನ್ನು ಕರೆಸುತ್ತೀರಿ. ನಿಮ್ಮಪ್ಪನ ಮುಂದೆ ಮಾತ್ರ ನಿಮಗೆ ಬಾಯಿ ಬರುವುದಿಲ್ಲ. ಈ ಸಲ ನಾನೇ ಮಾತಾಡಿದ್ದೇನೆ. ನಿನ್ನೆ ಯಾದಗಿರಿಗೆ ಹೋಗಿ ಎ.ಸಿ. ಸಾಹೇಬರ ಕಚೇರಿಯಲ್ಲಿ ತಕರಾರು ಅರ್ಜಿ ಕೊಟ್ಟು ಬಂದೆ. ಮೋನಮ್ಮನಿಗೆ ಹೇಳಿ ಕಳಿಸಿದ್ದೆ, ಲಾಲಿಯನ್ನು ಕರಕೊಂಡು ಅವಳೂ ಬಂದಿದ್ದಳು. ಅಲ್ಲಿಯ ಗುಮಾಸ್ತರು ಒಳ್ಳೆಯವರೇ, ಕೂಡ್ರಲು ಹೇಳಿದರು. ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಲೈಸೆನ್ಸು ನಿಮ್ಮ ಮಾವನ ಹೆಸರಿಲೆ ಅದ. ಸೊಸಿ ತಕರಾರು ಯಾವ ಕಾನೂನಿನಾಗ ಬರ್ತದ್ರೀ ಅಕ್ಕೋರ?" ಎಂದರು.

"ಬರೂದಿಲ್ಲಂತನ ಅರ್ಜಿ ಕೊಡಾಕತ್ತೀನ್ರಿ. ಬರೂ ಹಂಗ ಮಾಡ್ರಿ" ಅಂದೆ.

ನಕ್ಕು ಠಸ್ಸೆ ಹೊಡೆದರು. ಅರ್ಜಿಯಲ್ಲಿ ಏನಿದೆ ಎಂದು ಊರೆಲ್ಲ ಸುತ್ತಿ ನಿಮಗೆ ಮುಟ್ಟುವ ಮೊದಲು ನಾನೇ ತಿಳಿಸುತ್ತೇನೆ. ಲೈಸೆನ್ಸು ಕೊಡುವಾಗ ಮನುಷ್ಯನ ನಡತೆ ವಿಚಾರಿಸಿದರು, ಹೊಲದ ಪಹಣಿ ನೋಡಿದರು, ಬಂದೂಕನ್ನು ಎಲ್ಲಿ ತೂಗುಹಾಕುತ್ತೀರಿ ಎಂದು ನಮ್ಮ ಮನೆಗೆ ಬಂದು ಯಾರೂ ನೋಡಲಿಲ್ಲ. ಪ್ರತಿ ಸಲ ನವೀಕರಿಸುವ ಮುಂಚೆ ಬಂದು ನೋಡಬೇಕು. ತುಂಬಿದ ಬಂದೂಕು ಮನೆಯೊಳಗೆ ಇಡುವುದೇ ಅಪರಾಧ ಎಂದು ಆಗಬೇಕು. ಬೀಗದ ಪೆಟ್ಟಿಗೆ ಬೇಕು, ಮದ್ದು ಬೇರೆ ಕಡೆ ಇರಬೇಕು, ಗದ್ದೆಯಲ್ಲಿ ಬೆಳೆ ಇಲ್ಲದ ತಿಂಗಳು ಇಲೆಕ್ಷನ್ನಿನಲ್ಲಿ ಇಟ್ಟುಕೊಂಡ ಹಾಗೆಯೇ ಠಾಣೆಯಲ್ಲಿ ಇಟ್ಟುಕೊಳ್ಳಲಿ. ಮತ್ತೆ, ಅದೇ ಮಾಡಿನ ಕೆಳಗೆ ಮಕ್ಕಳನ್ನು ಮಲಗಿಸುವ ಹೆಂಗಸರನ್ನೂ ಒಂದು ಮಾತು ಕೇಳಲಿ. ಇದು ಬರೀ ನಮ್ಮ ಮನೆಯ ಮಾತಲ್ಲ. ಇದೇ ಅರ್ಜಿಯನ್ನು ಕಲಬುರ್ಗಿಯ ಜಿಲ್ಲಾ ಕಚೇರಿಗೂ ಕಳಿಸುತ್ತೇನೆ, ಅಲ್ಲಿ ಆಗದಿದ್ದರೆ ಬೆಂಗಳೂರಿಗೂ.

ಮನೆತನದ ಮರ್ಯಾದೆ ಹೋಗುತ್ತದೆ ಎಂದಿದ್ದೀರಿ. ಲಾಲಿ ದಿನಾಲೂ ಒಂದು ಕಣ್ಣು ಮುಚ್ಚಿಕೊಂಡು ಅದೇ ಮನೆಯ ಮುಂದೆ ಶಾಲೆಗೆ ಹೋಗುತ್ತಾಳೆ. ಹೋಗುವ ಮರ್ಯಾದೆ ಆಗಲೇ ಹೋಗಿದೆ. ಗಂಡನ ಮನಿ ಬಿಟ್ಟಾಕಿ ಅಂತಾರವ್ವ ಎಂದು ಇಲ್ಲಿ ನನ್ನ ಅವ್ವನೂ ಅಳುತ್ತಾಳೆ. ಅನ್ನಲಿ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಬೇಸರವಿಲ್ಲ. ನಿಮ್ಮ ಅಂಗಿಯ ಕಾಲರು ಹರಿದದ್ದು ನೆನಪಿದೆ, ಯಾರು ಹೊಲಿದರೋ ಎಂದು ಯೋಚಿಸುತ್ತೇನೆ. ಬಂದು ನಮ್ಮನ್ನು ಕರೆದೊಯ್ಯಿರಿ, ಕುಣಿಯುತ್ತ ಬರುತ್ತೇವೆ. ಆದರೆ ಬಂದೂಕು ಠಾಣೆಯಲ್ಲಿದೆ ಎಂಬ ರಸೀದಿ ಕೈಯಲ್ಲಿ ಹಿಡಿದು ಬರಬೇಕು. ಮಹಾನವಮಿಗೆ ಕುಡುಗೋಲು, ನೇಗಿಲು ಪೂಜಿಸಿರಿ, ಅವು ನಮಗೆ ಅನ್ನ ಹಾಕಿವೆ.

ನಿಮ್ಮವಳೇ, ಆದರೆ ಸುಮ್ಮನಿರಲಾರದ,
ದೇವಕಿ

ತಾ.ಕ.: ಒಂದು ಸಂಗತಿ ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬಂದೂಕು ತಾನಾಗಿ ಬಿದ್ದಿರಲಿಲ್ಲ. ಮೊನ್ನೆ ಇಲ್ಲಿನ ಸಂತೆಯಲ್ಲಿ, ಆ ದೀಪಾವಳಿಗೆ ನಾವು ಅವನಿಗೆ ಕೊಡಿಸಿದಂಥದ್ದೇ ಮಕ್ಕಳ ಪಿಸ್ತೂಲು, ಅದರ ಕೇಪಿನ ಡಬ್ಬಿ ಮಾರಲು ಇಟ್ಟಿದ್ದರು. ಅದನ್ನು ಕಂಡ ಅಯ್ಯಪ್ಪ ನನ್ನ ಸೆರಗಿನೊಳಗೆ ಮುಖ ಮುಚ್ಚಿಕೊಂಡ, ಮನೆಗೆ ಬಂದ ಮೇಲೆ ಎಲ್ಲ ಹೇಳಿದ. ಗೂಟದ ಕೆಳಗೆ ಒಟ್ಟಿದ್ದ ಶೇಂಗಾದ ಚೀಲ ಹತ್ತಿ ಅದನ್ನು ಇಳಿಸಿದ್ದು, ಅಜ್ಜ ಮಾಡಿದ ಹಾಗೆಯೇ ಎರಡೂ ಕೈಯಿಂದ ಕುದುರೆ ಹಿಂದಕ್ಕೆ ಎಳೆದದ್ದು, ಅದು ಕೈ ಜಾರಿದ್ದು. ಒಂದು ವರ್ಷ ಆ ಕೂಸು ಇದನ್ನು ಒಬ್ಬನೇ ಹೊತ್ತಿದ್ದ. ಮೋನಮ್ಮನಿಗೆ ಯಾದಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಹೇಳಿದೆ. ಲಾಲಿಯನ್ನು ಹತ್ತಿರ ಎಳೆದುಕೊಂಡಳು, ಆಮೇಲೆ ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ಮಗನ ಹೆಸರು ಹಿಡಿದೇ ಬರೆದಿದ್ದೇನೆ, ಮುಚ್ಚಿಟ್ಟಿಲ್ಲ. ಮಾವನ ಆಣೆ ಸುಳ್ಳಲ್ಲ, ಅವರಿಗೆ ಇದನ್ನು ಅವನು ಅಂದ ಹಾಗೆಯೇ ಓದಿ ಹೇಳಿರಿ: "ಅಜ್ಜ ಕೇಪ ತಗದಿದ್ದ ಅವ್ವಾ. ನಾ ನನ್ನ ಕೇಪ ಹಚ್ಚಿದ್ದೆ."